ನ್ಯಾಚುರಲ್ ರೈಟ್ಸ್, ಆರ್ಬಿಟ್ರರಿ: ಫ್ಲೆಕ್ಸಿಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ರಾಯಚೂರಿನಿಂದ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ಕಾಲೇಜಿನಲ್ಲಿ ಫ್ಲೆಕ್ಸ್ ಹಾಕುತ್ತಿದ್ದೇವೆ. ಒಂದು ಸಾಲು 1789ರ ಫ್ರಾನ್ಸಿನ ಘೋಷಣೆಯದು: ಸ್ವಾತಂತ್ರ್ಯ, ಆಸ್ತಿ, ಭದ್ರತೆ, ದಬ್ಬಾಳಿಕೆಗೆ ಎದುರು ನಿಲ್ಲುವುದು, ಇವು ಮನುಷ್ಯನ 'ನ್ಯಾಚುರಲ್' ಹಕ್ಕುಗಳು. ಇನ್ನೊಂದು 1948ರ ವಿಶ್ವಸಂಸ್ಥೆ ಘೋಷಣೆಯ 9ನೇ ವಿಧಿ, ಯಾರನ್ನೂ 'ಆರ್ಬಿಟ್ರರಿ' ಆಗಿ ಬಂಧಿಸಬಾರದು, ಗಡಿಪಾರು ಮಾಡಬಾರದು ಅನ್ನುವುದು. ನಾನು 'ನೈಸರ್ಗಿಕ ಹಕ್ಕು', 'ನಿರಂಕುಶ ಬಂಧನ' ಅಂತ ಬರೆದೆ. ಓದಿದ ಹುಡುಗಿ 'ನೈಸರ್ಗಿಕ ಅಂದ್ರೆ ಗಾಳಿ, ನೀರಿನ ಹಕ್ಕಾ ಸರ್?' ಅಂದಳು. ಬೇರೆ ಪದ ಇದ್ದರೆ ಬೇಗ ಹೇಳಿ.

ಬಳ್ಳಾರಿಯಿಂದ:
ಅಸಲಿಗೆ 'ಹಕ್ಕು' ಕನ್ನಡವೇ ಅಲ್ಲ. ಅರಬ್ಬಿಯ 'ಹಕ್'. 'ಸಲ್ಲು' ಧಾತು ಇರುವಾಗ ಸಾಲ ಯಾಕೆ? 'ಹುಟ್ಟುಸಲುವಳಿ' ಅನ್ನಿ. 'ನಿರಂಕುಶ' ಸರಿಯಿದೆ, ಆದ್ರೆ ಅದೂ ಸಂಸ್ಕೃತ.

ಕೊಪ್ಪಳದಿಂದ:
'ಅಸಲಿಗೆ' ಅಂತ ಶುರು ಮಾಡಿದ್ದೀರಲ್ಲ ಗುರುಗಳೇ, ಅದೂ ಅರಬ್ಬಿಯೇ! 1948ರ ಸೆಪ್ಟೆಂಬರ್ ತನಕ ನಿಜಾಮರ ಕೈಕೆಳಗಿದ್ದ ಊರು ನಮ್ಮದು. ಜಪ್ತಿ, ತಹಶೀಲು, ಜುಲುಮೆ ಎಲ್ಲ ನಮ್ಮ ಅಜ್ಜಂದಿರ ಬಾಯಲ್ಲಿದ್ದ ಮಾತು. ಜುಲುಮೆ ಮಾಡಿದವರ ಮಾತಲ್ಲೇ ಜುಲುಮೆ ಅಂದವರು ನಾವು, 'ಹಕ್ಕು' ಬಿಡ್ತೀವಾ?

'ಹುಟ್ಟು' ಅಂತೂ ಬೇಡವೇ ಬೇಡ. ನಮ್ಮ ಕಡೆ ಹುಟ್ಟಿನಿಂದ ಬಂದ ಹಕ್ಕು ಅಂದ್ರೆ ಗೌಡಕಿ, ಕುಲಕರ್ಣಿಕಿ ನೆನಪಾಗುತ್ತದೆ. ಅಪ್ಪನಿಂದ ಮಗನಿಗೆ. 1789ರಲ್ಲಿ ಅವರು ಕಿತ್ತು ಹಾಕಿದ್ದೇ ಅಂಥದ್ದನ್ನ. 'ಸಹಜ ಹಕ್ಕು' ಸಾಕು.

'ನಿರಂಕುಶ' ಇಲ್ಲಿ ತಪ್ಪು. ಅದು ದೊರೆಗೆ ಹೇಳುವ ಮಾತು. ಚುನಾಯಿತ ಸರ್ಕಾರವೂ ಆರ್ಬಿಟ್ರರಿ ಆಗಬಹುದು, ಅಲ್ವಾ? 1977ರಲ್ಲಿ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಜಪ್ತಿ ಮಾಡಿ, ಯಾಕೆ ಅಂತ ಕೇಳಿದರೆ ಸಾರ್ವಜನಿಕ ಹಿತಕ್ಕಾಗಿ ಕಾರಣ ಹೇಳೋದಿಲ್ಲ ಅಂದರು. ಆಗ ಇದ್ದದ್ದು ಜನ ಆರಿಸಿದ ಸರ್ಕಾರವೇ. ಮರುವರ್ಷ ಸುಪ್ರೀಂ ಕೋರ್ಟು, ಕಾನೂನಿನಲ್ಲಿ ಒಂದು ವಿಧಾನ ಬರೆದಿದ್ದರೆ ಸಾಲದು, ಆ ವಿಧಾನವೂ ನ್ಯಾಯವಾಗಿರಬೇಕು ಅಂತ ಹೇಳಿತು. ಆರ್ಬಿಟ್ರರಿ ಅಂದ್ರೆ ಕಾರಣ ಕೊಡದೆ, ತಮಗೆ ತೋಚಿದ ಹಾಗೆ ಮಾಡುವುದು. ಅದಕ್ಕೆ 'ಮನಬಂದಂತೆ' ಅನ್ನೋ ಮಾತು ಇದ್ದೇ ಇದೆ.

ಬಳ್ಳಾರಿಯಿಂದ:
'ಮನ' ಸಂಸ್ಕೃತ.

ಕೊಪ್ಪಳದಿಂದ:
ಹಾಗಾದ್ರೆ 'ಬಂಧನ'? ಅದೂ ಬೇಡ ಅಂದ್ರೆ ಯಾರನ್ನೂ ಹಿಡಿಯೋ ಹಾಗೇ ಇಲ್ಲ, ಒಳ್ಳೇದೇ ಆಯ್ತು.

ಬಳ್ಳಾರಿಯಿಂದ:
ನಗೆಯಾಡಿದರೆ ನುಡಿ ಉಳಿಯೋದಿಲ್ಲ ರೀ. 'ಬಂಧಿಸು' ಬಿಟ್ಟು 'ಸೆರೆಹಿಡಿ' ಅನ್ನಿ. ಯಾರ ಸಾಲವೂ ಬೇಕಿಲ್ಲ.

ರಾಯಚೂರಿನಿಂದ:
'ಸೆರೆಹಿಡಿ' ಚೆನ್ನಾಗಿದೆ, ತಗೊಂಡೆ. 'ಯಾರನ್ನೂ ಮನಬಂದಂತೆ ಸೆರೆಹಿಡಿಯಬಾರದು, ಗಡಿಪಾರು ಮಾಡಬಾರದು.' ಮೇಲೆ 'ಸಹಜ ಹಕ್ಕು'. ಫೈಲ್ ಕಳಿಸಿದ್ದೇನೆ. ಇನ್ನು 'ಗಡಿಪಾರು' ಯಾವ ನುಡಿಯದು ಅಂತ ದಯವಿಟ್ಟು ಯಾರೂ ತೆಗೀಬೇಡಿ.