ಮುಟ್ಟು ನಿಂತ ಮೇಲಿನ ಉರಿ: ಡಾಕ್ಟರ್ ಹತ್ತಿರ ಏನಂತ ಹೇಳಲಿ?

ಹಾಸನದ ಟೀಚರ್

ನನಗೆ 50 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ಮೈಯೆಲ್ಲ ಬಿಸಿಯಾಗುವುದು, ರಾತ್ರಿ ಬೆವರುವುದು ಗೊತ್ತಿತ್ತು, ಅಮ್ಮನನ್ನು ನೋಡಿದ್ದೆನಲ್ಲ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಕೆಳಗೆ ಒಣಗಿದ ಹಾಗೆ, ಸದಾ ಉರಿ. ಸ್ಕೂಟಿಯಲ್ಲಿ ಶಾಲೆಗೆ 9 ಕಿಲೋಮೀಟರ್ ಹೋಗುವಷ್ಟರಲ್ಲಿ ಸಾಕಾಗುತ್ತದೆ. ಈ ವರ್ಷ ಎರಡು ಸಲ ಉರಿಮೂತ್ರ ಬೇರೆ.

ನಮ್ಮವರ ಜೊತೆ ಸೇರಿದರೆ ಬ್ಲೇಡಿನಲ್ಲಿ ಗೀರಿದ ಹಾಗೆ ನೋವು. ಅವರು ಬಲವಂತ ಮಾಡುವವರಲ್ಲ. ನಾನೇ ರಾತ್ರಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಲ್ಲುತ್ತೇನೆ, ಅವರಿಗೆ ನಿದ್ದೆ ಬರಲಿ ಅಂತ. ನನಗೆ ಬೇಡ ಅಂತಲ್ಲ. ಬೇಕು. ಈ ಒಂದು ಮಾತು ಇಲ್ಲಿ ಬರೆಯುವುದಕ್ಕೆ ಮೂರು ದಿನ ಹಿಡಿಯಿತು.

ಅಕ್ಕನಿಗೆ ಹೇಳಿದೆ. "ಮಗಳು ಮದುವೆಗೆ ಬಂದಿದ್ದಾಳೆ, ನಿನಗೆ ಇದೆಲ್ಲಾ ಯಾಕೆ?" ಅಂದಳು. ಜಾಹೀರಾತು ನೋಡಿ ಗುಲಾಬಿ ವಾಸನೆಯ ವಾಶ್ ತಂದೆ. ಉರಿ ಇನ್ನೂ ಜಾಸ್ತಿ ಆಯಿತು. ಡಾಕ್ಟರ್ ಹತ್ತಿರ ಹೇಗೆ ಬಾಯಿ ಬಿಡುವುದು? ಸುಮ್ನೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಲದಾ?

ನಿವೃತ್ತ ನರ್ಸ್

ಮೊದಲು ಆ ವಾಶ್ ಬಿಸಾಕಮ್ಮ. ಹೊರಗೆ ಬರೀ ನೀರು ಸಾಕು, ಒಳಗೆ ಯೋನಿ ತಾನೇ ಶುಚಿ ಮಾಡಿಕೊಳ್ಳುತ್ತದೆ. ಮೊಸರಿನಲ್ಲಿ ಇರುವ ಜಾತಿಯ ಬ್ಯಾಕ್ಟೀರಿಯಾವೇ ಅಲ್ಲೂ ಇದ್ದು, ಜಾಗವನ್ನು ಹುಳಿಯಾಗಿ ಇಡುತ್ತವೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ, ಪಸೆ ಆರುತ್ತದೆ, ಆ ಬ್ಯಾಕ್ಟೀರಿಯಾವೂ ಕಡಿಮೆಯಾಗುತ್ತವೆ. ಪದೇ ಪದೇ ಉರಿಮೂತ್ರ ಬರುವುದಕ್ಕೂ ಇದೇ ಕಾರಣ ಇರಬಹುದು. ಮೈ ಬಿಸಿಯಾಗುವುದು ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಇದು ಹಾಗಲ್ಲ, ಬಿಟ್ಟರೆ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ.

ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: "ಮುಟ್ಟು ನಿಂತು ಒಂದೂವರೆ ವರ್ಷ. ಒಣಗಿದ ಹಾಗಿದೆ. ಸೇರುವಾಗ ನೋವು. ಎರಡು ಸಲ ಉರಿಮೂತ್ರ." ಇಷ್ಟೇ ಸಾಕು, ಅವರಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಯಾರಿಗಾದರೂ, ಮುಖ್ಯವಾಗಿ ನಿಮಗೆ, ಸ್ತನ ಕ್ಯಾನ್ಸರ್ ಆಗಿದ್ದರೆ ಹೇಳಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡ ಮಾಡಬೇಡಿ.

ಪುತ್ತೂರಿನವಳು

ತೆಂಗಿನ ತೋಟದ ಮಧ್ಯೆ ಮನೆ ನಮ್ಮದು, ನಾನು ಎಣ್ಣೆಯಿಂದಲೇ ಶುರು ಮಾಡಿದ್ದು! ಸ್ವಲ್ಪ ದಿನ ಹಿತವಾಯಿತು, ಆದರೆ ನೋವು ಹೋಗಲಿಲ್ಲ. ಇನ್ನೊಂದು ವಿಷಯ, ಕಾಂಡೋಮ್ ಬಳಸುವವರು ಎಣ್ಣೆ ಮುಟ್ಟಲೇಬಾರದು. ಅದರ ಲೇಟೆಕ್ಸ್ ರಬ್ಬರ್ ಹರಿದುಹೋಗಬಹುದು.

ಮೆಡಿಕಲ್‌ನಲ್ಲಿ ಎರಡು ಥರದ್ದು ಸಿಗುತ್ತದೆ, ನನಗೆ ಬಹಳ ದಿನ ಫರಕು ಗೊತ್ತಿರಲಿಲ್ಲ. ಲೂಬ್ರಿಕೆಂಟ್ ಜೆಲ್ ಸೇರುವ ಹೊತ್ತಿಗೆ ಮಾತ್ರ. ಮಾಯಿಶ್ಚರೈಸರ್ ಅಂದರೆ ವಾರಕ್ಕೆ ಎರಡು ಮೂರು ಸಲ, ಸೇರಲಿ ಬಿಡಲಿ. ವಾಸನೆ ಇಲ್ಲದ್ದು ಕೇಳಿ. ಅಂಗಡಿ ಹುಡುಗ ಅದನ್ನು ಬಾಂಬಿನ ಹಾಗೆ ಪೇಪರಿನಲ್ಲಿ ಸುತ್ತಿ ಕೊಟ್ಟ, ಇರಲಿ.

ನನಗೆ ಕೊನೆಗೆ ನಾಟಿದ್ದು ಡಾಕ್ಟರ್ ಬರೆದುಕೊಟ್ಟ ಈಸ್ಟ್ರೋಜನ್ ಕ್ರೀಮ್. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ನಿಮಗೆ ಎಷ್ಟು ಅಂತ ಅವರೇ ಹೇಳಬೇಕು.

ಒಬ್ಬ ಗಂಡ

ಗಂಡಸು ಬರೆಯಬಹುದಾ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ಅಲ್ಲ, ಸೀರಿಯಲ್. ಇವಳಿಗೆ ನಾನು ಬೇಡವಾದೆ ಅಂತ ಎರಡು ವರ್ಷ ಒಳಗೊಳಗೇ ಕೊರಗಿದೆ. ನಾನು ಕೇಳದೆ ಇದ್ದದ್ದನ್ನು ಅವಳು ಬೇರೆ ಥರ ತಿಳಿದುಕೊಂಡಿದ್ದಳು. ನಿಮ್ಮವರಿಗೆ ನೋವಿನ ವಿಷಯ ಹೇಳಿಬಿಡಿ ಮೇಡಂ.

ಹಾಸನದ ಟೀಚರ್

ಚೀಟಿ ಓದಿಯೇ ಹೇಳಿದೆ! ಡಾಕ್ಟರಮ್ಮ ನಗಲಿಲ್ಲ. ಪರೀಕ್ಷೆ ಮಾಡಿ, ಮೂತ್ರ ಟೆಸ್ಟ್ ಮಾಡಿಸಿ, ಕ್ರೀಮ್ ಬರೆದುಕೊಟ್ಟರು. ಇವತ್ತಿಗೆ ಆರು ದಿನ. ಇನ್ನೂ ಅಂಥ ಫರಕು ಕಾಣಲಿಲ್ಲ, ಕೆಲವು ವಾರ ಬೇಕಂತೆ.

ಇವರಿಗೆ ಹೇಳಿದೆ. ಲೈಟ್ ಆರಿಸಿ ಹೇಳಿದೆ, ಮುಖ ನೋಡಿ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಕೂಟಿ ಬೇಡ, ನಾಳೆಯಿಂದ ನಾನೇ ಕಾರಿನಲ್ಲಿ ಬಿಡುತ್ತೇನೆ" ಅಂದರು. ಪುತ್ತೂರಿನ ಅಕ್ಕಾ, ಕ್ರೀಮ್ ಹಚ್ಚುವ ದಿನ ಮಾಯಿಶ್ಚರೈಸರ್ ಬಿಡುತ್ತಿದ್ದಿರಾ? ಡಾಕ್ಟರಿಗೆ ಕೇಳಲು ಮರೆತೆ, ಚೀಟಿಯಲ್ಲಿ ಇರಲಿಲ್ಲ.