ಖಂಬಾಟಕಿ ಘಾಟಿನಲ್ಲಿ ಗಾಡಿ ಎಳೆಯುತ್ತಿಲ್ಲ, ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿ

ಹಡಪ್ಸರ್ ಹುಬ್ಬಳ್ಳಿಯವ

ಪುಣೆಗೆ ಬಂದು 11 ವರ್ಷ ಆಯಿತು, ಗಾಡಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. 1.3 ಲೀಟರ್ ಟರ್ಬೊ ಡೀಸೆಲ್, 1 ಲಕ್ಷ 38 ಸಾವಿರ ಕಿಲೋಮೀಟರ್ ಓಡಿದೆ. ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಹೋದ ತಿಂಗಳು ಊರಿಗೆ ಹೊರಟಿದ್ದೆವು. ಶಿರವಳ ದಾಟುವವರೆಗೂ ಆರಾಮಾಗಿ ಬಂತು. ಖಂಬಾಟಕಿ ಘಾಟ್ ಹತ್ತಲು ಶುರು ಮಾಡಿದ್ದೇ ತಡ, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿದ ಹಾಗಾಯಿತು. ಆಕ್ಸಿಲರೇಟರ್ ನೆಲಕ್ಕೆ ತಾಗಿಸಿದರೂ ಮೂರನೇ ಗೇರಿನಲ್ಲಿ 40ಕ್ಕೆ ಕೂತುಬಿಟ್ಟಿತು. ಎರಡಕ್ಕೆ ಇಳಿಸಿದರೆ ಆರ್‌ಪಿಎಂ ಮುಳ್ಳು 3000ದ ಹತ್ತಿರ ನಿಂತೇಬಿಡುತ್ತದೆ. ಹಳದಿ ಇಂಜಿನ್ ಲ್ಯಾಂಪ್ ಬೇರೆ ಹತ್ತಿತು. ಈರುಳ್ಳಿ ತುಂಬಿದ ಲಾರಿ ನನ್ನನ್ನು ಓವರ್‌ಟೇಕ್ ಮಾಡಿತು ಅಂದರೆ ನೋಡಿ! ಹಿಂದಿನ ಸೀಟಿನಿಂದ ಅವ್ವ "ಇಳದು ದಬ್ಬೋಣೇನೋ?" ಅಂದಳು.

ಘಾಟ್ ದಾಟಿ ಹೋಟೆಲ್ ಮುಂದೆ ನಿಲ್ಲಿಸಿ ಚಹಾ ಕುಡಿದೆವು. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು. ಹುಬ್ಬಳ್ಳಿ ಮುಟ್ಟುವವರೆಗೂ ತಕರಾರಿಲ್ಲ. ವಾಪಸ್ ಬರುವಾಗ ಖೇಡ್ ಶಿವಾಪುರ ದಾಟಿ ಕಾತ್ರಜ್ ಸುರಂಗದ ಏರು ಬಂತು, ಮತ್ತೆ ಅದೇ ಕತೆ.

ಗ್ಯಾರೇಜಿನವರು ಡೀಸೆಲ್ ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, 8,400 ತಗೊಂಡರು. ಗಾಡಿಯ ಕಂಪ್ಯೂಟರ್ ತೋರಿಸಿದ ದೋಷದ ಕೋಡ್ ಏನಿತ್ತು ಅಂದರೆ "ಡಿಲೀಟ್ ಕೇಲಾ ಸಾಹೇಬ್." ಮೂರೇ ದಿನಕ್ಕೆ ಲ್ಯಾಂಪ್ ಮತ್ತೆ ಹತ್ತಿತು. ಈಗ ಟರ್ಬೊ ಹೋಗಿದೆ, 40 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ, ಬೇಡವಾ?

ವಾಕಡ್ ಬೆಳಗಾವಿ

ಟರ್ಬೊನೇ ಇರಬೇಕು. ನಮ್ಮ ಭಾವನ ಗಾಡಿಗೂ ಹೀಗೇ ಆಗಿತ್ತು. ಮಾರಿಬಿಡಿ.

ಚಾಕಣ ಬೆಂಚ್

ತಡೀರಿ, ಮಾರುವುದೂ ಬೇಡ, 40 ಸಾವಿರ ಸುರಿಯುವುದೂ ಬೇಡ. ಸವೆದು ಹೋದ ಟರ್ಬೊ ಚಹಾ ಕುಡಿಯುವಷ್ಟರಲ್ಲಿ ರಿಪೇರಿ ಆಗಲ್ಲ, ಅಲ್ವಾ? ನಾನು ದಿನಾ ಟೆಸ್ಟ್ ಬೆಂಚ್ ಮೇಲೆ ಡೀಸೆಲ್ ಇಂಜಿನ್ ಓಡಿಸುವವನು. ನೀವು ಹೇಳುತ್ತಿರುವುದು ಲಿಂಪ್ ಮೋಡ್. ಟರ್ಬೊ ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್. ಏರಿನಲ್ಲಿ ಇಂಜಿನ್ ಕಂಪ್ಯೂಟರ್ ಅದರಿಂದ ಪೂರ್ತಿ ಗಾಳಿ ಕೇಳುತ್ತದೆ. ಕೇಳಿದಷ್ಟು ಬರದಿದ್ದರೆ ಡೀಸೆಲ್ ಕಡಿಮೆ ಮಾಡಿ, ಲ್ಯಾಂಪ್ ಹಚ್ಚಿ, ಹೇಗೋ ಮನೆ ಮುಟ್ಟು ಅಂತ ಬಿಡುತ್ತದೆ. ಕೀ ಆಫ್ ಮಾಡಿದರೆ ಈ ತಡೆ ತೆಗೆದುಬಿಡುತ್ತದೆ, ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ. ಸಪಾಟು ರಸ್ತೆಯಲ್ಲಿ ಅಷ್ಟು ಗಾಳಿ ಕೇಳುವುದೇ ಇಲ್ಲ, ಅದಕ್ಕೇ ಹುಬ್ಬಳ್ಳಿವರೆಗೂ ಸುಮ್ಮನೆ ಓಡಿತು.

ಪವರ್ ಬೀಳುವ ಮೊದಲು ಹಿಂದೆ ಕಪ್ಪು ಹೊಗೆ ಬರುತ್ತಿತ್ತಾ? ಬಾನೆಟ್ ಒಳಗಿಂದ "ಉಸ್ಸ್" ಅನ್ನುವ ಸದ್ದು? ಹೊಗೆ ಇದ್ದರೆ ಗಾಳಿ ಕಡಿಮೆ ಬೀಳುತ್ತಿದೆ. ಹೊಗೆ ಇಲ್ಲದೆ ಸುಮ್ನೆ ಸತ್ತ ಹಾಗಾದರೆ ಡೀಸೆಲ್ ಕಡಿಮೆ ಬೀಳುತ್ತಿದೆ, ಆಗ ಫಿಲ್ಟರ್, ಪಂಪ್ ಕಡೆ ಹೋಗಬೇಕು.

ಆಮೇಲೆ ಆನ್‌ಲೈನ್‌ನಲ್ಲಿ ಸಿಗುವ ಓಬಿಡಿ ಬ್ಲೂಟೂತ್ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ತೋರಿಸುವ ಸಾಧನ) ಒಂದು ತಗೊಳ್ಳಿ. ಕೋಡ್ ಓದಿ, ಬರೆದಿಡಿ, ಅಳಿಸಬೇಡಿ. ಪಿ0299 ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಅಂತ. ಪಿ0087 ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ ಒತ್ತಡ ಸಾಲುತ್ತಿಲ್ಲ ಅಂತ. ಇವೆರಡರ ನಡುವೆಯೇ ನಿಮ್ಮ ಅರ್ಧ ಉತ್ತರ ಇದೆ.

ಇನ್ನೊಂದು ಪರೀಕ್ಷೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಸ್ಕ್ಯಾನರ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಇಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ, ನೋಡಿ. ಆಗ ಹೊರಗಿನ ಗಾಳಿಯ ಒತ್ತಡವೇ ಕಾಣಬೇಕು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, 95 ಕಿಲೋಪಾಸ್ಕಲ್ ಹತ್ತಿರ ಬರಬೇಕು. 70 ಅಂತ ಬಂದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಆಮೇಲೆ ಏರಿನಲ್ಲಿ ಮೂರನೇ ಗೇರ್ ಹಾಕಿ 2500 ಆರ್‌ಪಿಎಂನಲ್ಲಿ ಪೂರ್ತಿ ತುಳಿಯಿರಿ. 180 ದಾಟಿ ಮೇಲೆ ಹೋಗಬೇಕು. ಫೋನ್ ನೋಡಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ನೀವು ನೋಡಬೇಡಿ.

ಕೊಥ್ರೂಡ್ ಸಿಎನ್‌ಜಿ

ಪೆಟ್ರೋಲ್, ಸಿಎನ್‌ಜಿ ಗಾಡಿಯವರು ಇದನ್ನು ಓದಿ ಟರ್ಬೊ ಹುಡುಕಬೇಡಿ. ನನ್ನದು ಏರಿನಲ್ಲಿ ಕುಕ್ಕುತ್ತಿತ್ತು, ಲ್ಯಾಂಪ್ ಮಿಣುಕುತ್ತಿತ್ತು. ಕಿಡಿಗೆ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಹೋಗಿತ್ತು. ಮಿಣುಕುವ ಲ್ಯಾಂಪ್ ಅಂದರೆ ಮಿಸ್‌ಫೈರ್, ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಂತ. ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಕೊಳ್ಳುತ್ತದೆ. ಮತ್ತೆ ಘಾಟಿನಲ್ಲಿ ಪವರ್ ಬಿದ್ದರೆ ತಿರುವಿನಲ್ಲಿ ನಿಲ್ಲಿಸಬೇಡಿ ಮಾರಾಯ್ರೇ. ಹಜಾರ್ಡ್ ಹಾಕಿ, ಎಡಕ್ಕೆ ಸರಿದು, ಎರಡನೇ ಗೇರಿನಲ್ಲೇ ತೆವಳುತ್ತಾ ಹೋಗಿ.

ಹಡಪ್ಸರ್ ಹುಬ್ಬಳ್ಳಿಯವ

ಚಾಕಣ ಸಾಹೇಬರೇ, ಕಪ್ಪು ಹೊಗೆ ಇತ್ತು. ನಾನು ಅದನ್ನು ಲಾರಿಯದು ಅಂದುಕೊಂಡಿದ್ದೆ.

750 ರೂಪಾಯಿ ಸ್ಕ್ಯಾನರ್ ಬಂತು. ಕೋಡ್ ಪಿ0299. ಕೀ ತಿರುಗಿಸಿದರೆ 95, ನೀವು ಹೇಳಿದ ಹಾಗೇ. ಭಾನುವಾರ ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿವೇ ಘಾಟ್ ಹತ್ತಿದೆ. ಅವಳು ಕ್ರಿಕೆಟ್ ಸ್ಕೋರ್ ಹೇಳುವ ಹಾಗೆ "110... 116... 118... 118 ಪಪ್ಪಾ, ನಿಂತಿತು" ಅಂದಳು. ಅಷ್ಟರಲ್ಲಿ ಲ್ಯಾಂಪ್ ಹತ್ತಿತು.

ಚಾಕಣ ಬೆಂಚ್

ಹಾಗಾದರೆ ಗಾಳಿ ಎಲ್ಲೋ ಸೋರುತ್ತಿದೆ. ಟರ್ಬೊ ಬಿಚ್ಚುವ ಮೊದಲು ಇಂಟರ್‌ಕೂಲರ್‌ನ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಎರಡೂ ರಬ್ಬರ್ ಹೋಸ್ ಕೈಯಿಂದ ಸವರಿ ನೋಡಿ, ಅದೂ ಕೆಳಭಾಗ. ಒಳಗೆ ತೆಳುವಾಗಿ ಎಣ್ಣೆ ಪಸೆ ಇರುತ್ತದೆ, ಸೋರುವ ಕಡೆ ಧೂಳು ಹಿಡಿದು ಕಪ್ಪಗೆ ಜಿಡ್ಡಾಗಿರುತ್ತದೆ. ಇಂಜಿನ್ ತಣ್ಣಗಿರುವಾಗ ನೋಡಿ. ಹೋಸ್ ಚೆನ್ನಾಗಿದ್ದರೆ ಮಾತ್ರ ಟರ್ಬೊದ ಒತ್ತಡ ಹತೋಟಿಯಲ್ಲಿಡುವ ಆಕ್ಚುಯೇಟರ್, ಅದರ ಸಣ್ಣ ಪೈಪ್ ಕಡೆ ಹೋಗೋಣ.

ಹಡಪ್ಸರ್ ಹುಬ್ಬಳ್ಳಿಯವ

ಸಿಕ್ಕಿತು! ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಹೋಗುವ ಹೋಸ್. ಮೇಲಿಂದ ನೋಡಿದರೆ ಹೊಸದರ ಹಾಗೆ ಇದೆ. ಕೆಳಗೆ ಬೆರಳು ಆಡಿಸಿದಾಗ ಜಿಡ್ಡು ಹತ್ತಿತು. ಬಿಚ್ಚಿ ಬಗ್ಗಿಸಿದರೆ ಎರಡು ಇಂಚು ಸೀಳು, ಬಾಯಿ ಬಿಟ್ಟ ಮೀನಿನ ಹಾಗೆ. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಗೆರೆ ಕೂಡ ಕಾಣಿಸಲ್ಲ. ಒತ್ತಡ ಬಿದ್ದಾಗ ಮಾತ್ರ ಅದು ಬಾಯಿ ತೆರೆಯುತ್ತಿತ್ತು.

ಪಕ್ಕದ ಗ್ಯಾರೇಜ್ ಹುಡುಗ ಟೇಪ್ ಸುತ್ತಿಕೊಟ್ಟ. ಎಣ್ಣೆ ಪಸೆಗೆ ಎರಡೇ ದಿನದಲ್ಲಿ ಬಿಟ್ಟಿತು. ಕೊನೆಗೆ ನಾನಾ ಪೇಟೆಯಿಂದ ಹೋಸ್, ಎರಡು ಕ್ಲ್ಯಾಂಪ್ ತಂದೆ, 1,350 ರೂಪಾಯಿ.

ಚಾಕಣ ಬೆಂಚ್

ಇಂಜಿನ್ ಮೌಂಟ್, ಅಂದರೆ ಇಂಜಿನ್ ಹಿಡಿದಿಡುವ ರಬ್ಬರ್ ತುಂಡು, ನೋಡಿದಿರಾ? ಹೋಸ್ ಸುಮ್ನೆ ಸೀಳಲ್ಲ. ಮೌಂಟ್ ಸವೆದು ಕುಸಿದಿದ್ದರೆ ಗೇರ್ ಹಾಕಿದಾಗಲೆಲ್ಲ ಇಂಜಿನ್ ಓಲಾಡಿ ಅದನ್ನು ಎಳೆಯುತ್ತದೆ.

ಹಡಪ್ಸರ್ ಹುಬ್ಬಳ್ಳಿಯವ

ನೋಡಿದೆ, ಹರಿದಿತ್ತು. ಅದನ್ನೂ ಹಾಕಿಸಿದೆ, ಕೂಲಿ ಸೇರಿ 2,300. ಅಷ್ಟಾದರೂ ಫಿಲ್ಟರ್, ಇಂಜೆಕ್ಟರ್ ಅಂತ ಕೊಟ್ಟ 8,400ರ ಅರ್ಧವೂ ಆಗಲಿಲ್ಲ. ನಿನ್ನೆ ದಿವೇ ಘಾಟಿನಲ್ಲಿ ಮಗಳು 205ರವರೆಗೆ ಎಣಿಸಿದಳು. ಸಾಸವಡದಲ್ಲಿ ಮಿಸಳ್ ತಿಂದು ಬಂದೆವು.

ಸ್ಕ್ಯಾನರ್ ಈಗ ಸುಮ್ಮನೆ ಡ್ಯಾಶ್‌ಬೋರ್ಡ್‌ನಲ್ಲಿ ಬಿದ್ದಿದೆ. ಹಡಪ್ಸರ್ ಕಡೆ ಯಾರಿಗಾದರೂ ಬೇಕಿದ್ದರೆ ಕೇಳಿ, ಒಂದು ವಾರ ಇಟ್ಟುಕೊಳ್ಳಿ. ಕೋಡ್ ಮಾತ್ರ ಬರೆದುಕೊಳ್ಳದೆ ಅಳಿಸಬೇಡಿ.