ಸಹಾಯ ಬೇಕು: ಸ್ಖಲನಕ್ಕೆ ಮುನ್ನ ಹೊರತೆಗೆಯುವ ವಿಧಾನವನ್ನು ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ. ಸದ್ಯಕ್ಕೆ ಮಗು ಬೇಡವೆಂದು ನಿರ್ಧರಿಸಿರುವ ನಾನು ಮತ್ತು ನನ್ನ ಪತಿ, ವೀರ್ಯಸ್ಖಲನಕ್ಕೆ ಮುನ್ನವೇ ಹೊರತೆಗೆಯುವ ವಿಧಾನವೊಂದನ್ನೇ ಎರಡು ವರ್ಷಗಳಿಂದ ನಂಬಿಕೊಂಡು ಬಂದಿದ್ದೇವೆ. ಈ ಬಾರಿ ನನ್ನ ಮುಟ್ಟು ಆರು ದಿನ ತಡವಾಯಿತು. ಆ ದಿನಗಳ ಆತಂಕವೇ ಇದನ್ನು ಬರೆಯಲು ಕಾರಣ.

ನಾನು ಓದಿ ತಿಳಿದಂತೆ, ಪ್ರತಿ ಸಲವೂ ಲೋಪವಿಲ್ಲದೆ ಪಾಲಿಸಿದರೂ ವರ್ಷವೊಂದರಲ್ಲಿ 100 ಮಹಿಳೆಯರ ಪೈಕಿ ಸುಮಾರು 4 ಮಂದಿ ಗರ್ಭಿಣಿಯರಾಗುತ್ತಾರೆ. ಒಮ್ಮೊಮ್ಮೆ ಕ್ಷಣ ತಪ್ಪುವ ನಿಜಜೀವನದ ಬಳಕೆಯಲ್ಲಿ ಈ ಸಂಖ್ಯೆ ಸುಮಾರು 20ಕ್ಕೆ ಏರುತ್ತದೆ. ಸ್ಖಲನಕ್ಕೆ ಮೊದಲು ಒಸರುವ ದ್ರವದಲ್ಲಿಯೂ ಕೆಲವರಲ್ಲಿ ವೀರ್ಯಾಣುಗಳಿರುತ್ತವೆ, ಮತ್ತು ಅವು ಹೆಣ್ಣಿನ ದೇಹದೊಳಗೆ 5 ದಿನಗಳವರೆಗೂ ಬದುಕಬಲ್ಲವು ಎಂಬುದನ್ನು ತಿಳಿದ ಮೇಲೆ, ನನ್ನ ಪತಿ ಎಷ್ಟೇ ಎಚ್ಚರದಿಂದಿದ್ದರೂ ಅವರೊಬ್ಬರ ಸಂಯಮದ ಮೇಲೆ ಇಷ್ಟು ದೊಡ್ಡ ಭಾರ ಹೊರಿಸುವುದು ನ್ಯಾಯವಲ್ಲವೆಂದು ನನಗೆ ಅನ್ನಿಸುತ್ತಿದೆ. ಲೈಂಗಿಕ ಸೋಂಕುಗಳಿಂದಲೂ ಇದು ರಕ್ಷಿಸುವುದಿಲ್ಲ.

ಈ ವಿಧಾನವನ್ನು ಬಿಟ್ಟು ಕಾಂಡೋಮ್, ಮಾತ್ರೆ ಅಥವಾ ಕಾಪರ್ ಟಿಗೆ ಬದಲಾದವರು ತಮ್ಮ ಅನುಭವವನ್ನು ತಿಳಿಸುವಿರಾ? ಇನ್ನೂ ಹೆರಿಗೆಯಾಗದವರು ಕಾಪರ್ ಟಿ ಹಾಕಿಸಿಕೊಂಡಾಗ ನೋವು ಮತ್ತು ರಕ್ತಸ್ರಾವ ಹೇಗಿತ್ತು, ವೈದ್ಯರ ಬಳಿ ಮೊದಲು ಏನನ್ನು ಕೇಳಬೇಕು ಎಂಬುದನ್ನು ಬಲ್ಲವರು ಹೇಳಿದರೆ ಬಹಳ ಉಪಕಾರವಾಗುತ್ತದೆ.